ಸಂಜೆ ತರಗತಿಯಲ್ಲಿ ಎಲ್‌ಎಲ್‌.ಬಿ. ಓದಬಹುದೇ?

ಪ್ರಶ್ನೆ: ನಾನು ಗಾರ್ಮೆಂಟ್ಸ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಬಿ.ಕಾಂ.ನಲ್ಲಿ ಶೇ 52 ಅಂಕಗಳಿವೆ. ಕೆಲಸ ಮುಗಿಯುವುದು ಸಂಜೆ 5.30ಕ್ಕೆ. ನಮ್ಮೂರಿನ ಚಿಕ್ಕ ಖಾಸಗಿ ಕಾನೂನು ಕಾಲೇಜಿನವರು ಸಂಜೆ 6ರಿಂದ 8.30ರವರೆಗೆ ತರಗತಿ ನಡೆಸುತ್ತೇವೆ, ಬರಲಾಗದ ದಿನಗಳ ಹಾಜರಾತಿಯನ್ನು ನಾವೇ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಗ್ರಂಥಾಲಯವೆಂದು ತೋರಿಸಿದ್ದು ಬೀಗ ಹಾಕಿದ ಎರಡು ಬೀರುಗಳನ್ನು. ಮುಂದೆ ವಕೀಲಿಕೆ ಮಾಡುವ ಆಸೆಯಿದೆ. ಸೇರಬಹುದೇ?
– ಹೆಸರು, ಊರು ಬೇಡವೆಂದಿರುವ ಓದುಗರು

ಉತ್ತರ: ದಯವಿಟ್ಟು ಈ ತರಗತಿಗೆ ಸೇರಬೇಡಿ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್ ಆಫ್ ಇಂಡಿಯಾ) 2008ರ ನಿಯಮಾವಳಿಯಂತೆ ಕಾನೂನು ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ನಡೆಯಬೇಕು. ವಾರಕ್ಕೆ ಕನಿಷ್ಠ 30 ಗಂಟೆಗಳ ಬೋಧನೆ ಇರಬೇಕು, ಅದರಲ್ಲಿ 24 ಗಂಟೆ ಉಪನ್ಯಾಸವೇ ಆಗಿರಬೇಕು. ನೀವು ಲೆಕ್ಕ ಬಲ್ಲವರು, ಒಮ್ಮೆ ಕೂಡಿಸಿ ನೋಡಿ: ವಾರಕ್ಕೆ ಆರು ದಿನವೆಂದರೂ ದಿನಕ್ಕೆ 5 ಗಂಟೆಯಾಯಿತು, ಸಂಜೆ 7ಕ್ಕೆ ಮುಗಿಯಬೇಕಾದರೆ ಮಧ್ಯಾಹ್ನ 2ಕ್ಕೇ ಆರಂಭವಾಗಬೇಕು. ಎರಡೂವರೆ ಗಂಟೆಯ ಸಂಜೆ ತರಗತಿಯಲ್ಲಿ ಈ ಲೆಕ್ಕ ಯಾವ ರೀತಿಯಲ್ಲೂ ಕೂಡುವುದಿಲ್ಲ.

ಹಾಜರಾತಿಯ ಮಾತು ಇನ್ನೂ ಗಂಭೀರವಾದದ್ದು. ಪ್ರತಿ ವಿಷಯದಲ್ಲೂ ಶೇ 70 ಹಾಜರಾತಿ ಬೇಕೆಂಬುದು ಅದೇ ನಿಯಮಾವಳಿಯ ಮಾತು. ಇದಲ್ಲದೆ ಉದ್ಯೋಗದಲ್ಲಿರುವ ವಿದ್ಯಾರ್ಥಿ ಅದನ್ನು ಘೋಷಿಸಿ, ತಾನು ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಕೊಡಬೇಕೆಂದು ಪರಿಷತ್ತು 2024ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ನಿಯಮದ ಗಂಟೆಗಳನ್ನು ತುಂಬಿಸಲು ಕಾಲೇಜು ಹಗಲಿನ ಹಾಜರಾತಿ ತೋರಿಸಿ, ಕಾರ್ಖಾನೆಯ ಹಾಜರಿ ಪುಸ್ತಕದಲ್ಲೂ ಕಾಲೇಜಿನ ಹಾಜರಿ ಪುಸ್ತಕದಲ್ಲೂ ಒಂದೇ ಹೊತ್ತಿಗೆ ನಿಮ್ಮ ಸಹಿ ಇದ್ದರೆ, ನಾಳೆ ಸನ್ನದಿಗೆ, ಅಂದರೆ ವಕೀಲಿಕೆಯ ಪರವಾನಗಿಗೆ, ಅರ್ಜಿ ಹಾಕುವಾಗ ಉತ್ತರ ಹೇಳಬೇಕಾದವರು ನೀವೇ ಹೊರತು ಹಾಜರಾತಿ ನೋಡಿಕೊಳ್ಳುತ್ತೇವೆ ಎಂದವರಲ್ಲ. ನ್ಯಾಯದ ಮುಂದೆ ನಿಲ್ಲಬೇಕಾದವರ ಓದು ಸುಳ್ಳು ಸಹಿಯಿಂದ ಆರಂಭವಾಗುವುದು ನನಗಂತೂ ಸಹಿಸಲಾಗದ ಸಂಗತಿ.

ಆ ಬೀರುಗಳನ್ನು ನೀವು ಗಮನಿಸಿದ್ದು ಒಳ್ಳೆಯದಾಯಿತು. ತರಗತಿ 7ಕ್ಕೆ ಮುಗಿದರೂ ಗ್ರಂಥಾಲಯವನ್ನು ರಾತ್ರಿ 10ರವರೆಗೆ ತೆರೆದಿಡಲು ನಿಯಮದಲ್ಲಿ ಅವಕಾಶವಿದೆ. ದುಡಿದು ಓದುವವರಿಗೆ ನಿಜವಾಗಿ ಒದಗುವ ಸಂಜೆಯ ಓದು ಅದೊಂದೇ. ಕಾಲೇಜು ಚಿಕ್ಕದಿರುವುದು ತಪ್ಪಲ್ಲ. ಮೂವತ್ತು ಮಂದಿಯ ತರಗತಿಯಲ್ಲಿ ಅಣಕು ನ್ಯಾಯಾಲಯದಲ್ಲಿ ವಾದಿಸುವ ಸರದಿ ಎಲ್ಲರಿಗೂ ಬರುತ್ತದೆ. ಪುಸ್ತಕಕ್ಕೇ ಬೀಗ ಹಾಕಿದವರ ಬಳಿ ಹೋಗಬೇಡಿ.

ನಿಮ್ಮ ಅಂಕಗಳು ಮೂರು ವರ್ಷದ ಕೋರ್ಸಿಗೆ ಸಾಕು. ಬೆಳಿಗ್ಗೆ 8ಕ್ಕೆ ತರಗತಿ ಆರಂಭಿಸುವ ಕಾಲೇಜು ಹತ್ತಿರದಲ್ಲಿದೆಯೇ ವಿಚಾರಿಸಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಸಂಯೋಜನೆ ಮತ್ತು ಪರಿಷತ್ತಿನ ಅನುಮೋದನೆ ಎರಡೂ ಇವೆಯೇ ಎಂದು ಶುಲ್ಕ ಕಟ್ಟುವ ಮೊದಲೇ ನೋಡಿ. ಕಾರ್ಖಾನೆಯಲ್ಲಿ ಎರಡನೇ ಪಾಳಿ ಇದ್ದರೆ ಅದನ್ನು ಲಿಖಿತವಾಗಿ ಕೇಳಿ, ನಿರಾಕ್ಷೇಪಣಾ ಪತ್ರವನ್ನೂ ಅದೇ ಅರ್ಜಿಯಲ್ಲಿ ಕೋರಿ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿದ್ದುಕೊಂಡು ವಕೀಲಿಕೆ ಮಾಡುವಂತಿಲ್ಲವಾದ್ದರಿಂದ, ಪದವಿ ಮುಗಿದ ಮೇಲಿನ ಮೊದಲ ಒಂದೆರಡು ವರ್ಷಗಳ ಮನೆಖರ್ಚಿಗೆ ಈಗಿನಿಂದಲೇ ಸ್ವಲ್ಪ ಹಣ ತೆಗೆದಿಡಿ.