ಚೀನಾದಲ್ಲಿ ರೈಲು ಸುಲಭ, ಸ್ಟೇಷನ್ನೇ ಕಷ್ಟ

ಅಪ್ಪ ಅಮ್ಮನ ಜೊತೆ ಬೀಜಿಂಗ್, ಶಿಯಾನ್, ಶಾಂಘೈ ಸುತ್ತಬೇಕು, ಭಾಷೆ ಬರಲ್ಲ, ಬುಲೆಟ್ ರೈಲಿನಲ್ಲಿ ಓಡಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ. ಕೆಲಸದ ಮೇಲೆ ಹೋದಾಗ ಈ ಮೂರೂ ಊರಿಗೆ ನಾನು ರೈಲಿನಲ್ಲೇ ಓಡಾಡಿದ್ದೇನೆ. ರೈಲಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎಡವೋದು ಸ್ಟೇಷನ್‌ನಲ್ಲಿ.

ನನ್ನ ಪಜೀತಿ ಕೇಳಿ. ಶಾಂಘೈನಿಂದ ಬೀಜಿಂಗ್‌ಗೆ ವಾಪಸ್ ಹೊರಟಿದ್ದೆ. ಟ್ಯಾಕ್ಸಿಯವನಿಗೆ 'ಶಾಂಘೈ ಸ್ಟೇಷನ್' ಅಂದೆ, ಪಾಪ ಅವನು ಶಾಂಘೈ ಸ್ಟೇಷನ್‌ಗೇ ತಂದು ಬಿಟ್ಟ. ನನ್ನ ರೈಲು ಇದ್ದದ್ದು ಹೊಂಗ್‌ಚಿಯಾವೊ ಸ್ಟೇಷನ್‌ನಲ್ಲಿ, ಊರಿನ ಪಶ್ಚಿಮಕ್ಕೆ, ವಿಮಾನ ನಿಲ್ದಾಣದ ಪಕ್ಕ. ಮೆಜೆಸ್ಟಿಕ್‌ನಲ್ಲಿ ನಿಂತು ಯಶವಂತಪುರದ ರೈಲು ಹುಡುಕಿದ ಹಾಗಾಯಿತು. ಮೆಟ್ರೋ ಹಿಡಿದು ಓಡಿದರೂ ರೈಲು ಹೋಗಿತ್ತು. ಪುಣ್ಯಕ್ಕೆ ಅಲ್ಲಿ ತಪ್ಪಿದ ಟಿಕೆಟನ್ನು ಅದೇ ದಿನದ ಇನ್ನೊಂದು ರೈಲಿಗೆ, ಸೀಟಿದ್ದರೆ, ಬದಲಾಯಿಸಿ ಕೊಡುತ್ತಾರೆ.

ಅಲ್ಲಿ ದೊಡ್ಡ ಊರುಗಳಲ್ಲಿ ಸ್ಟೇಷನ್ ಹಲವು, ಎಷ್ಟೋ ಸ್ಟೇಷನ್ ಹೆಸರಿನ ಕೊನೆಗೆ ದಿಕ್ಕು ಸೇರಿರುತ್ತದೆ. ಹಾಗಾಗಿ ನಾಲ್ಕು ಪದ ಕಲಿತು ಹೋಗಿ. ಬೇ ಅಂದರೆ ಉತ್ತರ, ನಾನ್ ದಕ್ಷಿಣ, ದೋಂಗ್ ಪೂರ್ವ, ಶೀ ಪಶ್ಚಿಮ. ಶಾಂಘೈಗೆ ಹೋಗುವ ವೇಗದ ರೈಲುಗಳು ಹೆಚ್ಚಾಗಿ ಬೀಜಿಂಗ್ ನಾನ್‌ನಿಂದ ಹೊರಡುತ್ತವೆ, ಶಿಯಾನ್ ಕಡೆಯವು ಹೆಚ್ಚಾಗಿ ಬೀಜಿಂಗ್ ಶೀಯಿಂದ, ಮತ್ತು ಶಿಯಾನ್‌ನಲ್ಲಿ ಇಳಿಯೋದು ಶಿಯಾನ್ ಬೇನಲ್ಲಿ. ಸ್ಟೇಷನ್ ಹೆಸರು ಚೀನೀ ಅಕ್ಷರದಲ್ಲಿ ಮೊಬೈಲಿನಲ್ಲಿ ಇರಲಿ, ಡ್ರೈವರಿಗೆ ತೋರಿಸಿದರೆ ಆಯಿತು, ಬಾಯಿ ಬಿಡುವುದೇ ಬೇಡ.

ಟಿಕೆಟ್ 15 ದಿನ ಮುಂಚೆ ಬಿಡುತ್ತಾರೆ. ರೈಲ್ವೆಯದೇ ಆದ 12306 ಆ್ಯಪ್ ಇಂಗ್ಲಿಷಿನಲ್ಲೂ ಇದೆ, ಆದರೆ ಪಾಸ್‌ಪೋರ್ಟ್ ಪರಿಶೀಲನೆಗೆ ಸಮಯ ಹಿಡಿಯುತ್ತದೆ, ಇಲ್ಲಿಂದಲೇ ಮುಗಿಸಿಕೊಳ್ಳಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಬರೆಯಿರಿ, ನಮ್ಮವರ ಇನಿಷಿಯಲ್ ಗೊಂದಲ ಗೊತ್ತಲ್ವಾ. ಕಾಗದದ ಟಿಕೆಟ್ ಬೇಕಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಆಟೋಮ್ಯಾಟಿಕ್ ಗೇಟು ಅದನ್ನು ಓದದಿದ್ದರೆ ಸಿಬ್ಬಂದಿ ನಿಂತಿರುವ ಗೇಟಿಗೆ ಹೋಗಿ.

ಒಂದು ಗಂಟೆ ಮುಂಚೆ ಸ್ಟೇಷನ್ ಸೇರಿ. ವಯಸ್ಸಾದವರು ಜೊತೆಗಿದ್ದಾರೆ, ಸ್ಟೇಷನ್‌ಗಳು ವಿಮಾನ ನಿಲ್ದಾಣದಷ್ಟು ದೊಡ್ಡವು, ಒಳಗೆ ಬ್ಯಾಗ್ ತಪಾಸಣೆ ಇದೆ, ಮತ್ತು ರೈಲು ಹೊರಡುವ ಕೆಲವು ನಿಮಿಷ ಮುಂಚೆಯೇ ಗೇಟು ಮುಚ್ಚಿಬಿಡುತ್ತಾರೆ, ಆಮೇಲೆ ಗೋಗರೆದರೂ ಬಿಡಲ್ಲ. ಅಮ್ಮ ಹಣ್ಣು ಕೊಯ್ಯಲು ಚಾಕು ಇಟ್ಟುಕೊಂಡಿದ್ದರೆ ತೆಗೆಸಿಬಿಡಿ. ದೊಡ್ಡ ಸ್ಪ್ರೇ ಡಬ್ಬಿಗೂ ಬಿಡಲ್ಲ, ನನ್ನ ಡಿಯೋಡರೆಂಟ್ ಒಂದು ಕಡೆ ಹಾಗೇ ಹೋಯಿತು.

ಒಳಗೆ ಕೂತ ಮೇಲೆ ಸುಖ. ಬೀಜಿಂಗ್‌ನಿಂದ ಶಾಂಘೈ 1318 ಕಿಲೋಮೀಟರ್, ಬೇಗದ ರೈಲು ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ಹೋಗಿ ನಾಲ್ಕೂವರೆ ಗಂಟೆಯೊಳಗೆ ತಲುಪಿಸುತ್ತದೆ. ಸೆಕೆಂಡ್ ಕ್ಲಾಸೇ ಸಾಕು, ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಒಂದು ಕಡೆ ಮೂರು ಸೀಟು, ಇನ್ನೊಂದು ಕಡೆ ಎರಡು. ನೀವು ಮೂವರು, ಎ, ಬಿ, ಸಿ ಹಿಡಿಯಿರಿ, ಎ ಕಿಟಕಿ ಪಕ್ಕದ್ದು. ಊಟ ಸಸ್ಯಾಹಾರವಾದರೆ ರೈಲಿನದನ್ನು ನಂಬಬೇಡಿ. ಬಿಸಿನೀರು ಮಾತ್ರ ಪುಕ್ಕಟೆ, ಎಷ್ಟು ಬೇಕಾದರೂ ಹಿಡಿದುಕೊಳ್ಳಬಹುದು. ಅಲ್ಲಿಯವರು ಅದಕ್ಕೆ ನೂಡಲ್ಸ್ ಹಾಕಿಕೊಂಡು ತಿನ್ನುತ್ತಾರೆ, ನಾನು ಒಗ್ಗರಣೆ ಹಾಕಿ ತಂದಿದ್ದ ಅವಲಕ್ಕಿ ನೆನೆಸಿಕೊಂಡು ತಿಂದೆ.

ಶಿಯಾನ್‌ನಿಂದ ಶಾಂಘೈಗೆ ಮಾತ್ರ ಹೆಚ್ಚಿನ ರೈಲುಗಳಿಗೆ ಆರು ಗಂಟೆ ಮೇಲೆ ಹಿಡಿಯುತ್ತದೆ. ಅಪ್ಪನಿಗೆ ಬೆನ್ನು ನೋವು ಅಂದಿದ್ದೀರಲ್ಲ, ಅದೊಂದಕ್ಕೆ ವಿಮಾನ ನೋಡಿ. ಯಾವ ತಿಂಗಳು ಅಂತ ಬರೆದಿಲ್ಲ ನೀವು. ಅವರ ರಾಷ್ಟ್ರೀಯ ದಿನದ ರಜೆ ಇರುವ ಅಕ್ಟೋಬರ್ 1ರ ವಾರ ಅಥವಾ ಅವರ ಹೊಸ ವರ್ಷದ ಹಬ್ಬದ ಆಸುಪಾಸು ಆಗಿದ್ದರೆ ತಾರೀಕು ಬದಲಾಯಿಸಿ, ಆಗ ಇಡೀ ದೇಶವೇ ಊರಿಗೆ ಹೊರಟಿರುತ್ತದೆ.