ಮಧ್ಯಯುಗದಲ್ಲಿ ಚರ್ಚಿನ ಆರ್ಚ್‌ಬಿಷಪ್ (ಬಿಷಪ್‌ಗಳಿಗಿಂತ ಮೇಲಿನ ಹಿರಿಯ ಧರ್ಮಾಧಿಕಾರಿ) ತನ್ನದೇ ಬೆಳ್ಳಿ ನಾಣ್ಯ ಹೊರಡಿಸುತ್ತಿದ್ದದ್ದು ಯಾಕೆ? ಅದರಿಂದ ಆತನಿಗೆ ಏನು ಲಾಭ?

ಆಗಿನ ಜರ್ಮನ್ ನಾಡಿನಲ್ಲಿ ದೊಡ್ಡ ಬಿಷಪ್‌ಗಳು ಬರೀ ಪೂಜೆ ಮಾಡಿಸುವವರಲ್ಲ, ಊರು ಆಳುವ ದೊರೆಗಳೂ ಹೌದು. ಟಂಕಿಸುವ ಹಕ್ಕನ್ನು ಚಕ್ರವರ್ತಿಯೇ ಕೊಡುತ್ತಿದ್ದ. ಮಾಗ್ಡೆಬರ್ಗ್ ಊರನ್ನೇ ನೋಡಿ. 965ರಲ್ಲಿ ಚಕ್ರವರ್ತಿ ಒಂದನೇ ಒಟ್ಟೊ ಅಲ್ಲಿನ ಸಂತ ಮಾರಿಸ್ ಮಠಕ್ಕೆ ಸಂತೆ, ಸುಂಕ, ಟಂಕಸಾಲೆ ಮೂರನ್ನೂ ಬಿಟ್ಟುಕೊಟ್ಟ. 968ರಲ್ಲಿ ಅದು ಆರ್ಚ್‌ಬಿಷಪ್ ಪೀಠವಾಯಿತು.

ಲಾಭದ ಕಥೆ ಶುರುವಾಗೋದು ವಿಖ್‌ಮನ್ ಎಂಬ ಆರ್ಚ್‌ಬಿಷಪ್ ಕಾಲದಲ್ಲಿ (1152–1192). ಆತನ ನಾಣ್ಯಗಳು 'ಬ್ರ್ಯಾಕ್ಟಿಯೇಟ್' ಎಂಬ ಬಗೆಯವು. ಕಾಗದದಂಥ ತೆಳು ಬೆಳ್ಳಿ ತಗಡು, ತೂಕ ಒಂದು ಗ್ರಾಮಿಗೂ ಕಡಿಮೆ. ತಗಡನ್ನು ಮೆತ್ತಗಿನ ಆಸರೆಯ ಮೇಲಿಟ್ಟು ಒಂದೇ ಅಚ್ಚಿನಿಂದ ಹೊಡೆಯುತ್ತಿದ್ದರು. ಹಾಗಾಗಿ ಮುಂದೆ ಉಬ್ಬಿದ ಚಿತ್ರ, ಹಿಂದೆ ಅದೇ ಚಿತ್ರದ ತಗ್ಗು. ಸಂತ ಮಾರಿಸ್ ನಿಂತಿರುವ ನಾಣ್ಯಗಳಂತೂ ನಿಜಕ್ಕೂ ಚಂದ.

ಆದರೆ ಬಳಸುವವರ ಪಾಡು ಕೇಳಿ! ವಿಖ್‌ಮನ್ ವರ್ಷಕ್ಕೆ ಎರಡು ಸಲ ಹಳೆಯ ನಾಣ್ಯ ರದ್ದು ಮಾಡಿಸುತ್ತಿದ್ದ. ಸಂತೆಯಲ್ಲಿ ಹೊಸದೇ ಬೇಕು. ಇಂಥ ಬದಲಾವಣೆಯಲ್ಲಿ 12 ಹಳೆಯದಕ್ಕೆ 9 ಹೊಸದು ಕೊಡುವುದು ಸಾಮಾನ್ಯ ದರ. ಮೂರು ಬೆಳ್ಳಿ ಕಾಸು ಸುಮ್ನೆ ದೊರೆಯ ಪಾಲು. ನೇರವಾಗಿ ಹೇಳಬೇಕೆಂದರೆ ಇದು ತೆರಿಗೆಯೇ, ಅಲ್ವಾ? ಅದೂ ಕೈಯಲ್ಲಿ ನಗದು ಜಾಸ್ತಿ ಇಟ್ಟುಕೊಂಡ ವ್ಯಾಪಾರಿಗಳ ಮೇಲೆ. ಅದಕ್ಕೇ ಮುಂದೆ ಹಲವು ಜರ್ಮನ್ ಊರುಗಳು ದೊರೆಗೆ ದುಡ್ಡು ಕೊಟ್ಟು ಟಂಕಿಸುವ ಹಕ್ಕನ್ನೇ ಕೊಂಡುಕೊಂಡವು. ಪದೇ ಪದೇ ರದ್ದಾಗದ 'ಶಾಶ್ವತ ಪೆನ್ನಿ' (ಪೆನ್ನಿ ಅಂದರೆ ಆಗಿನ ಬೆಳ್ಳಿ ಕಾಸು) ಬಂದದ್ದು ಹಾಗೆ.