ಗದ್ದೆ ಬದುವಿನ ಕೊಳಕುಮಂಡಲ: ಮರಿಗೂ ವಿಷ ಇದೆಯಾ?

ಪ್ರಶ್ನೆ: ನಮ್ಮದು ನಾಲೆ ಪಕ್ಕದ ಭತ್ತದ ಗದ್ದೆ. ಬದುವಿನ ಹುಲ್ಲು ಕೊಯ್ಯುವಾಗ ಗೇಣುದ್ದದ ಕೊಳಕುಮಂಡಲದ ಮರಿಗಳು ಎರಡು ಕಂಡವು. ಮರಿಗೆ ವಿಷ ಇರಲ್ಲ ಅಂತಾರೆ ಅಪ್ಪ. ತಾಯಿ ಅಲ್ಲೇ ಕಾಯ್ತಿರುತ್ತೆ, ಮೊಟ್ಟೆ ಹುಡುಕಿ ಸುಟ್ಟುಬಿಡಿ ಅಂತಾರೆ ಪಕ್ಕದ ಗದ್ದೆಯವರು. ಏನು ಮಾಡಲಿ?
— ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಅಪ್ಪನಿಗೆ ಹೇಳಿ, ಹುಟ್ಟಿದಾಗಲೇ ಮರಿಗೆ ವಿಷವೂ ಇರುತ್ತದೆ, ಕಚ್ಚುವ ಹಲ್ಲೂ ಇರುತ್ತದೆ. ಗೇಣುದ್ದ ಇದೆ ಅಂತ ಸುಮ್ನೆ ಕೈಯಲ್ಲಿ ಎತ್ತಿ ಎಸೆಯಲು ಹೋಗಬೇಡಿ.

ಇನ್ನು ಮೊಟ್ಟೆ. ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಕೊಳಕುಮಂಡಲ ಮೊಟ್ಟೆ ಇಡುವ ಹಾವೇ ಅಲ್ಲ. ಮರಿಗಳು ತಾಯಿಯ ಹೊಟ್ಟೆಯಲ್ಲೇ ಬೆಳೆದು ಹೊರಗೆ ಬರುತ್ತವೆ, ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಇನ್ನೂ ಜಾಸ್ತಿ. ನಮ್ಮ ಕಡೆ ಹೆಚ್ಚಾಗಿ ಮುಂಗಾರು ಶುರುವಾಗುವ ಹೊತ್ತಿಗೆ. ತಾಯಿ ಮರಿಗಳನ್ನು ಸಾಕುವುದಿಲ್ಲ, ಅವು ಹುಟ್ಟುತ್ತಲೇ ತಮ್ಮ ಪಾಡಿಗೆ ಚದುರಿ ಹೋಗುತ್ತವೆ. ಹಾಗಾಗಿ ಎರಡು ಕಂಡಿವೆ ಅಂದರೆ ಸುತ್ತಮುತ್ತ ಇನ್ನಷ್ಟು ಇರಬಹುದು ಅಂತಲೇ ಲೆಕ್ಕ ಹಾಕಿ. ನಾಗರಹಾವಿನದು ಬೇರೆ ಕತೆ, ಅದು ಮೊಟ್ಟೆ ಇಟ್ಟು ಹತ್ತಿರವೇ ಕಾವಲಿರುತ್ತದೆ. ಹಾವಿನ ಮೊಟ್ಟೆ ಎಲ್ಲೇ ಕಂಡರೂ ಮುಟ್ಟದೆ ದೂರ ಬನ್ನಿ.

ಬದುವಿಗೆ ಬೆಂಕಿ ಹಾಕಿದರೆ ಹಾವು ಹೋಗುವುದಿಲ್ಲ, ಇಲಿ ಇರುವವರೆಗೂ ಬರುತ್ತಲೇ ಇರುತ್ತದೆ. ಈ ಹಾವಿನ ಕಷ್ಟ ಏನೆಂದರೆ, ಕಾಲ ಸಪ್ಪಳ ಕೇಳಿದರೂ ಎಷ್ಟೋ ಸಲ ಓಡದೆ ಹುಲ್ಲಿನಲ್ಲಿ ಸುರುಳಿ ಸುತ್ತಿ ಕೂತಿರುತ್ತದೆ, ಕುಕ್ಕರ್ ಸೀಟಿಯ ಹಾಗೆ ಜೋರಾಗಿ ಬುಸುಗುಟ್ಟುತ್ತದೆ, ತುಳಿದರೆ ಕಚ್ಚುತ್ತದೆ. ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಉಂಗುರ ಇರುತ್ತವೆ. ಗದ್ದೆಯ ನೀರು ಹಾವಿಗೆ ವಿಷವಿಲ್ಲ, ಆದರೆ ಗುರುತು ಹಿಡಿಯಲು ಬಗ್ಗಿ ನೋಡುವುದು ಬೇಡ.

ಗಂಬೂಟು ಹಾಕಿ. ಬರಿಗಾಲಲ್ಲಿ ಕೆಸರಿಗೆ ಇಳಿದೇ ಅಭ್ಯಾಸ, ಗೊತ್ತು, ಆದರೂ ಬದುವಿನ ಮೇಲಾದರೂ ಹಾಕಿ. ಹುಲ್ಲಿಗೆ ಕೈ ಇಡುವ ಮುಂಚೆ ಕೋಲಿನಿಂದ ಸರಿಸಿ ನೋಡಿ. ಕತ್ತಲಲ್ಲಿ ನೀರು ತಿರುಗಿಸಲು ಹೋಗುವಾಗ ಟಾರ್ಚ್ ಬೇಕೇ ಬೇಕು.

ಕಚ್ಚಿದರೆ? ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಈ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಕೊಯ್ದ ಗಾಯದಿಂದ ರಕ್ತ ನಿಲ್ಲುವುದೇ ಇಲ್ಲ. ಕಾಲುಂಗುರ, ಬಳೆ ತೆಗೆದು, ಕಚ್ಚಿದ ಕಾಲೋ ಕೈಯೋ ಅಲುಗಾಡದಂತೆ ಇಟ್ಟು, 108ಕ್ಕೆ ಫೋನ್ ಮಾಡಿ. ಹಾವನ್ನು ಹಿಡಿದು ತರುವುದೇನೂ ಬೇಡ. ಆಸ್ಪತ್ರೆಯಲ್ಲಿ ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಇಟ್ಟು, ಹೆಪ್ಪುಗಟ್ಟುತ್ತದಾ ನೋಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಔಷಧಿ. ನಾಟಿ ಮದ್ದು ಅಂತ ಅಲ್ಲಿ ಇಲ್ಲಿ ಸುತ್ತುವ ಹೊತ್ತಿನಲ್ಲಿ ಕಿಡ್ನಿ ಹೋಗಿಬಿಡಬಹುದು, ದಯವಿಟ್ಟು ಅದನ್ನು ಮಾಡಬೇಡಿ.

ನಿಮ್ಮೂರಿಗೆ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಆ ಔಷಧಿ ಇದೆ, ರಾತ್ರಿ ಡಾಕ್ಟರು ಇರುತ್ತಾರಾ ಅಂತ ಈ ವಾರವೇ ಹೋಗಿ ಕೇಳಿಕೊಂಡು ಬನ್ನಿ.